ಮೀಟರ್ ಪೆಟ್ಟಿಗೆಯಲ್ಲಿ ಮಡಿವಾಳ, ಫ್ಯಾನಿನಲ್ಲಿ ಗುಬ್ಬಿ: ಬೇಡದ ಜಾಗದ ಗೂಡಿಗೆ ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ನಡುವೆ ಬಿಸು ಹಬ್ಬದ ಕಣಿ ಇಡುವ ಹೊತ್ತಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಒಂದಲ್ಲ ಒಂದು ಮನೆಯಲ್ಲಿ ಹಕ್ಕಿ ಬಂದು ಎಲ್ಲಿ ಬೇಡವೋ ಅಲ್ಲೇ ಗೂಡು ಕಟ್ಟಿರುತ್ತದೆ. ಕಾಲಿಂಗ್ ಬೆಲ್ಲಿನ ವಯರಿಗೆ ಸೂರಕ್ಕಿ, ಮೀಟರ್ ಪೆಟ್ಟಿಗೆಯೊಳಗೆ ಮಡಿವಾಳ, ಜಗಲಿಯಲ್ಲಿ ತೂಗುಹಾಕಿದ ಚಟ್ಟಿಯಲ್ಲಿ ಪಿಕಳಾರ, ಪಂಪ್ ಶೆಡ್ಡಿನ ಹಂಚಿನ ಸಂದಿಯಲ್ಲಿ ಗೊರವಂಕ. ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದನ್ನು ಎತ್ತಿ ಆಚೆ ಮರದಲ್ಲಿ ಇಡಬಹುದಾ?

ಬೇಡ. ಹಕ್ಕಿಗೆ ಗುರುತಿರುವುದು ಗೂಡಿನ ಜಾಗ, ಗೂಡಲ್ಲ. ಹತ್ತು ಮೀಟರ್ ಆಚೆ ಇಟ್ಟರೆ ಅದರ ಮರಿಯೇ ಅಲ್ಲಿ ಕೂಗುತ್ತಿದ್ದರೂ ತಾಯಿ ಹುಳ ಕಚ್ಚಿಕೊಂಡು ಹಳೆಯ ಜಾಗದಲ್ಲೇ ಸುತ್ತು ಹೊಡೆಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಇನ್ನೆಷ್ಟು ದಿನ? ಮನೆಗೆ ಬರುವ ಹೆಚ್ಚಿನ ಸಣ್ಣ ಹಕ್ಕಿಗಳಿಗೆ ಮೊದಲ ಮೊಟ್ಟೆಯಿಂದ ಮರಿ ಹಾರುವವರೆಗೆ ನಾಲ್ಕೈದು ವಾರ ಸಾಕು. ಆ ದಿನಗಳನ್ನು ಲೆಕ್ಕ ಹಾಕಿ, ಅಷ್ಟು ದಿನ ನಮ್ಮ ಕೆಲಸದ ರೀತಿ ಬದಲಿಸಿ, ಹಕ್ಕಿ ಹೋದ ಮೇಲೆ ಆ ಸಂದಿ ಮುಚ್ಚುವುದು. ಇಡೀ ಕೆಲಸ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕಾನೂನಿನ ಮಾತು ಒಂದೇ ಸಲ ಹೇಳಿ ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು ಮಾತ್ರವಲ್ಲ, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ‘ಬೇಟೆ’ಯೇ. ‘ಕಾಡುಹಕ್ಕಿ’ ಎಂದರೆ ಕಾಡಿನಲ್ಲಿರುವ ಹಕ್ಕಿ ಎಂದು ತಿಳಿಯಬಾರದು. ನಿಮ್ಮ ಜಗಲಿಯ ಪಿಕಳಾರವೂ ಅದರಲ್ಲಿ ಸೇರುತ್ತದೆ.

ಹಂತ 1: ಗೂಡಿನಲ್ಲಿ ಏನಿದೆ?

ನೋಡುವುದಕ್ಕೆ ಒಂದು ಕ್ರಮ ಇದೆ. ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ಮೇಲೆ, ಮಳೆ ಬರುವಾಗ ನೋಡಬೇಡಿ. ಹಕ್ಕಿಯನ್ನು ಓಡಿಸಿ ನೋಡಬೇಡಿ, ತಾನಾಗಿ ಎದ್ದು ಹೋಗುವವರೆಗೆ ಕಾಯಿರಿ. ದೋಟಿಯ ತುದಿಗೆ ಮೊಬೈಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಫ್ಲ್ಯಾಶ್ ಆರಿಸಿ, ವಿಡಿಯೋ ಚಾಲೂ ಮಾಡಿ ಮೇಲಿನಿಂದ ಹತ್ತು ಸೆಕೆಂಡ್ ತೋರಿಸಿ ಇಳಿಸಿ. ಉಳಿದದ್ದನ್ನು ಒಳಗೆ ಕೂತು ನೋಡಬಹುದು. ಎರಡು ದಿನಕ್ಕೊಂದು ಸಲ ಧಾರಾಳ ಸಾಕು. ಪದೇ ಪದೇ ಹೋದರೆ ಹಕ್ಕಿ ಬಿಟ್ಟುಹೋಗುವುದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಾಗೆ, ಕೆಂಬೂತ, ಮಟಪಕ್ಷಿಗಳು ನೀವು ಎಲ್ಲಿ ಇಣುಕುತ್ತೀರಿ ಎಂದು ನೋಡುತ್ತಿರುತ್ತವೆ. ಹೆಚ್ಚಿನ ಕಡೆ ಗೂಡು ಹಾಳಾಗುವುದು ಹೀಗೆ. ದೂರು ಮಾತ್ರ ಬೆಕ್ಕಿನ ಮೇಲೆ.

ಗೂಡು ಇನ್ನೂ ಆಗದೆ ಬರೀ ನಾರು, ಕಡ್ಡಿ ಇದ್ದು ಮೊಟ್ಟೆ ಇಲ್ಲದಿದ್ದರೆ ನಿಮಗಿನ್ನೂ ಅವಕಾಶ ಇದೆ. ದಿನಾ ಬೆಳಗ್ಗೆ ತಂದಿಟ್ಟ ಕಡ್ಡಿಯನ್ನು ತೆಗೆದು, ಮೂರನೇ ದಿನ ಸಂದಿಗೆ ಬಟ್ಟೆ ತುರುಕಿದರೆ ಹಕ್ಕಿ ಬೇರೆ ಕಡೆ ಹೋಗುತ್ತದೆ. ಸೂರಕ್ಕಿಯದಾದರೆ ಅರ್ಧ ಕಟ್ಟುವ ಮೊದಲೇ ಇದನ್ನು ಮಾಡಿ. ಜೇಡನ ಬಲೆಯಲ್ಲಿ ಅಂಟಿಸಿದ ಒಣ ಎಲೆಯ ಚೂರು, ತೊಗಟೆಯ ಸಿಪ್ಪೆ, ಕಂಬಳಿಹುಳದ ಹಿಕ್ಕೆ, ಬಾಗಿಲಿನ ಮೇಲೆ ಸಣ್ಣದೊಂದು ಇಳಿಮಾಡು. ಇಷ್ಟಕ್ಕೆ ಅದು ಒಂದು ವಾರಕ್ಕಿಂತ ಹೆಚ್ಚು ದುಡಿದಿರುತ್ತದೆ.

ಮೊಟ್ಟೆ ಕಂಡರೆ ತಕ್ಷಣ ತಾರೀಕು ಬರೆದಿಡಿ. ಮೊಟ್ಟೆ ಇದೆ, ತಾಯಿ ಇಲ್ಲ ಎಂದರೆ ಗೂಡು ಬಿಟ್ಟಿತು ಎಂದು ಅರ್ಥವಲ್ಲ. ಸಣ್ಣ ಹಕ್ಕಿಗಳು ದಿನಕ್ಕೊಂದರಂತೆ ಇಡುತ್ತವೆ, ಕಡೆಯ ಮೊಟ್ಟೆಯ ಹೊತ್ತಿಗಷ್ಟೇ ಕಾವಿಗೆ ಕೂರುತ್ತವೆ. ಅಲ್ಲಿಯವರೆಗೆ ಮೊಟ್ಟೆ ತಣ್ಣಗೇ ಇರುತ್ತದೆ, ಕೆಡುವುದಿಲ್ಲ.

ಹಂತ 2: ದಿನದ ಲೆಕ್ಕ

ಪಿಕಳಾರ: 2–3 ಮೊಟ್ಟೆ, ಕಾವು 12 ದಿನ, ಮರಿ ಹಾರಲು ಇನ್ನು ಅಷ್ಟೇ.
ಮಡಿವಾಳ: 3–5 ಮೊಟ್ಟೆ, ಕಾವು 12–14, ಮರಿಗೆ 13–15.
ಗುಬ್ಬಿ: 3–5 ಮೊಟ್ಟೆ, ಕಾವು 11–14, ಮರಿಗೆ ಎರಡು ವಾರ.
ಟುವ್ವಿ (ದರ್ಜಿಹಕ್ಕಿ): ಸಾಮಾನ್ಯವಾಗಿ 3 ಮೊಟ್ಟೆ, ಕಾವು 12, ಮರಿಗೆ ಎರಡು ವಾರ.
ಸೂರಕ್ಕಿ: 2 ಮೊಟ್ಟೆ, ಕಾವು 14–16, ಮರಿಗೆ ಸುಮಾರು 17.
ಚುಕ್ಕೆಯ ಚೋರೆ (ಬೆಳವ): 2 ಮೊಟ್ಟೆ, ಕಾವು ಎರಡು ವಾರ, ಮರಿಗೆ ಎರಡು ವಾರ.
ಗೊರವಂಕ: 4–5 ಮೊಟ್ಟೆ, ಎಲ್ಲ ಸೇರಿ ಸುಮಾರು ಆರು ವಾರ.
ಕಾಗೆ: ಕಾವು 16–17, ಮರಿಗೆ 3–4 ವಾರ.
ಕಣಜ ಗೂಬೆ: ಕಾವು ಒಂದು ತಿಂಗಳು, ಮರಿಗೆ ಎರಡು ತಿಂಗಳು.

ಲೆಕ್ಕ ಹಾಕುವುದು ಹೀಗೆ. ಏಪ್ರಿಲ್ 4ಕ್ಕೆ ಮಡಿವಾಳದ ಗೂಡಿನಲ್ಲಿ ಒಂದು ಮೊಟ್ಟೆ, 6ಕ್ಕೆ ಮೂರು, 8ಕ್ಕೆ ನೋಡಿದರೂ ಮೂರೇ. ಅಂದರೆ 6ರಿಂದ ಕಾವು. ಒಡೆಯುವುದು 18–20ಕ್ಕೆ, ಹಾರುವುದು ಮೇ 1ರಿಂದ 5ರೊಳಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೇ 5ಕ್ಕೆ ಒಂದು ಸುತ್ತು ಹಾಕಿದರೆ ಮನೆಯಲ್ಲಿ ವಾದ ಅರ್ಧ ಕಡಿಮೆಯಾಗುತ್ತದೆ, ಯಾಕೆಂದರೆ ಎಲ್ಲರಿಗೂ ಕೊನೆಯ ದಿನ ಕಾಣುತ್ತದೆ.

ಕಾಣುವಾಗಲೇ ಮರಿ ಇದ್ದರೆ ಮೈ ನೋಡಿ. ಕಣ್ಣು ಮುಚ್ಚಿ ಬೆತ್ತಲೆ ಇದ್ದರೆ ಮೂರು ನಾಲ್ಕು ದಿನದೊಳಗಿನದು. ಮೈಮೇಲೆ ಮುಳ್ಳಿನಂತೆ ಗರಿಯ ಕೊಳವೆ ಎದ್ದಿದ್ದರೆ ಒಂದು ವಾರ. ಗರಿ ಬಿರಿದು ಬಾಲ ಮೋಟು ಇದ್ದರೆ ಇಣುಕುವುದನ್ನು ಅಂದೇ ನಿಲ್ಲಿಸಿ. ಆ ವಯಸ್ಸಿನಲ್ಲಿ ಹೆದರಿದ ಮರಿಗಳು ಒಟ್ಟಿಗೆ ಹಾರಿ ಬೀಳುತ್ತವೆ, ಮತ್ತೆ ಗೂಡಿಗೆ ಹಾಕಿದರೂ ನಿಲ್ಲುವುದಿಲ್ಲ.

ಹಂತ 3: ಜಾಗಕ್ಕೆ ತಕ್ಕ ಉಪಾಯ

ಮೀಟರ್ ಪೆಟ್ಟಿಗೆ. ಇಲ್ಲಿ ಮಾತ್ರ ಹಕ್ಕಿಗಿಂತ ಮೊದಲು ಮನುಷ್ಯರ ಜೀವ. ಮೈನ್ ಸ್ವಿಚ್ ಆರಿಸಿದರೂ ಕಂಬದಿಂದ ಮೀಟರಿನವರೆಗಿನ ಸರ್ವಿಸ್ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದಕ್ಕೆ ಒಳಗೆ ಕೈ ಹಾಕಬೇಡಿ, ಕಡ್ಡಿಯನ್ನೂ ಹಾಕಬೇಡಿ. ಗೂಡು ಪೆಟ್ಟಿಗೆಯ ತಳದಲ್ಲಿ ಒಣಗಿದ್ದು, ವಯರಿನ ಜಾಯಿಂಟಿಗೆ ತಾಗದೆ ಇದ್ದರೆ ಬಿಡಬಹುದು. ಹುಲ್ಲು ಫ್ಯೂಸಿನ ಮೇಲೆ ಹರಡಿದ್ದರೆ, ಸುಟ್ಟ ವಾಸನೆ ಬಂದರೆ, ಚಿರ್ ಎಂಬ ಸದ್ದು ಕೇಳಿದರೆ ಕೆ.ಎಸ್.ಇ.ಬಿ.ಯ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೋ 1912ಕ್ಕೋ ಹೇಳಿ ಲೈನ್ ಕಡಿಸಿಯೇ ಕೆಲಸ ಮಾಡಿಸಬೇಕು. ಎರಡು ತಿಂಗಳಿಗೊಮ್ಮೆ ರೀಡಿಂಗಿಗೆ ಬರುವವರಿಗಾಗಿ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ: ‘ಒಳಗೆ ಗೂಡು ಇದೆ, ಬಾಗಿಲು ಮೆಲ್ಲ ತೆರೆಯಿರಿ’. ಮಲಯಾಳದಲ್ಲೂ ಬರೆಯುವುದು ಒಳ್ಳೆಯದು. ಮಳೆ ಶುರುವಾದ ಮೇಲೆ ಒದ್ದೆ ಹುಲ್ಲಿನಿಂದ ಇ.ಎಲ್.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ಕಾರಣ ಗೂಡೇ ಇರಬಹುದು, ಆಗ ಇ.ಎಲ್.ಸಿ.ಬಿ. ತಪ್ಪಿಸಿ ನೇರ ಲೈನ್ ಕೊಡುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬಾರದು.

ಫ್ಯಾನಿನ ಬಟ್ಟಲು. ತಾರಸಿಗೆ ತಾಗುವ ಕಪ್ ಒಂದಿಷ್ಟು ಕೆಳಗೆ ಜಾರಿದರೆ ಗುಬ್ಬಿಗೆ ಅಷ್ಟೇ ಸಾಕು. ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿದರೆ ಸಾಲದು, ನೆಂಟರು ಬಂದವರು ಟೇಪಿನ ಮೇಲೆಯೇ ಒತ್ತುತ್ತಾರೆ. ಆ ಕೋಣೆಯ ಎಂ.ಸಿ.ಬಿ. (ಮೈನ್ ಬೋರ್ಡಿನಲ್ಲಿರುವ ಬ್ರೇಕರ್ ಸ್ವಿಚ್) ಇಳಿಸಿ, ಅಥವಾ ಎಲೆಕ್ಟ್ರಿಷಿಯನ್ನಿನ ಹತ್ತಿರ ಆ ಒಂದು ಫ್ಯಾನಿನ ವಯರ್ ಸ್ವಿಚ್ ಬೋರ್ಡಿನಲ್ಲೇ ಬಿಡಿಸಿ ಟೇಪ್ ಸುತ್ತಿಸಿ. ಒಂದು ತಿಂಗಳು ಟೇಬಲ್ ಫ್ಯಾನ್. ಕಿಟಕಿಯ ಒಂದು ರೆಕ್ಕೆಯನ್ನು ಹಗಲಿಡೀ ತೆರೆದಿಡಬೇಕು. ಹಕ್ಕಿ ಒಳಗಿದೆಯೋ ಹೊರಗಿದೆಯೋ ನೋಡದೆ ಕಿಟಕಿ ಹಾಕಿ ಮದುವೆಗೆ ಹೋದರೆ ಮರಿಗಳು ಒಂದೇ ದಿನದಲ್ಲಿ ಸಾಯುತ್ತವೆ. ಗುಬ್ಬಿ ಹೋದ ಮೇಲೆ ಕಪ್ಪನ್ನು ತಾರಸಿಗೆ ಒತ್ತಿ ಸ್ಕ್ರೂ ಬಿಗಿಯಿರಿ.

ತೂಗುಚಟ್ಟಿ ಮತ್ತು ಕ್ರೋಟನ್. ಗಿಡಕ್ಕೆ ನೀರು ಬೇಕು, ಗೂಡಿಗೆ ಬೇಡ. ಉದ್ದ ಮೂತಿಯ ಪಾತ್ರೆಯಿಂದ ಚಟ್ಟಿಯ ಅಂಚಿಗೆ ಕಾಲು ಲೀಟರಿನಷ್ಟು, ಹಕ್ಕಿ ಇಲ್ಲದಾಗ, ಎರಡು ದಿನಕ್ಕೊಮ್ಮೆ ಎರೆಯಿರಿ. ಎಲೆಗೆ ಚಿಮುಕಿಸಬೇಡಿ. ಗೂಡಿನ ಸುತ್ತಲಿನ ಎಲೆ ಕತ್ತರಿಸಿದರೆ ಬಿಸಿಲು ನೇರ ಬೀಳುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಬಿಸಿಲಿಗೆ ಸಿಕ್ಕಿದ ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಹಸಿವಲ್ಲ, ಸೆಕೆ. ಆಗ ಅರ್ಧ ಅಡಿಕೆ ಹಾಳೆಯನ್ನು ಗೂಡಿಗಿಂತ ಒಂದೂವರೆ ಅಡಿ ಮೇಲೆ, ಪಡುವಣದ ಕಡೆಗೆ ಇಳಿಜಾರಾಗಿ ಕಟ್ಟಿ. ಮೇ ಕೊನೆಯ ಪತ್ತನಾಜೆ ಹೊತ್ತಿನ ಮೊದಲ ಮಳೆಗೂ ಇದೇ ಸೂರು. ಪ್ಲಾಸ್ಟಿಕ್ ಕಟ್ಟಬೇಡಿ, ಗಾಳಿಗೆ ಪಟಪಟ ಬಡಿದು ಹಕ್ಕಿಯನ್ನು ಓಡಿಸುತ್ತದೆ.

ಬೆಲ್ಲಿನ ವಯರು, ಬಟ್ಟೆ ಒಣಗಿಸುವ ಹಗ್ಗ. ಸೂರಕ್ಕಿಯ ಗೂಡು ಜನ ನಡೆಯುವ ದಾರಿಯಲ್ಲಿದ್ದರೂ ಉಳಿಯುತ್ತದೆ, ಅದಕ್ಕೆ ಮನುಷ್ಯರ ಓಡಾಟದ ಭಯ ಕಡಿಮೆ. ಕೆಡುವುದು ಬಾಗಿಲಿನ ಬಡಿತಕ್ಕೆ. ಎರಡು ರೆಕ್ಕೆಯ ಬಾಗಿಲಾದರೆ ಗೂಡಿನ ಕಡೆಯದನ್ನು ಅಗುಳಿ ಹಾಕಿ ಬಿಡಿ. ಬಟ್ಟೆಯ ಹಗ್ಗವಾದರೆ ಗೂಡಿನ ಎರಡೂ ಕಡೆ ಒಂದೊಂದು ಮೀಟರ್ ಖಾಲಿ ಇರಲಿ, ಉಳಿದ ಕಡೆ ಹಗುರ ಬಟ್ಟೆ ಮಾತ್ರ. ಒದ್ದೆ ಕಂಬಳಿ ಹಾಕಿ ತೆಗೆದರೆ ಹಗ್ಗ ಚಿಮ್ಮಿ ಮೊಟ್ಟೆ ಹೊರಗೆ ಬೀಳುತ್ತದೆ. ಇಲ್ಲಿ ದೊಡ್ಡ ಶತ್ರು ಚಗಳಿ ಇರುವೆ. ಹಗ್ಗದ ಎರಡೂ ತುದಿಯಲ್ಲಿ, ಗೂಡಿನಿಂದ ಒಂದು ಮೊಳ ದೂರಕ್ಕೆ, ನಾಲ್ಕು ಬೆರಳು ಅಗಲ ಗ್ರೀಸ್ ಹಚ್ಚಿ. ಇರುವೆ ಪುಡಿ ಹಾಕಲೇಬೇಡಿ. ಆ ವಿಷ ತಾಯಿಯ ಕಾಲಿನಲ್ಲಿ ಗೂಡಿಗೆ ಹೋಗುತ್ತದೆ.

ಪಂಪ್ ಶೆಡ್ಡು. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡದೆ ಆಗುವುದಿಲ್ಲ. ಒಳ್ಳೆಯ ಸುದ್ದಿ ಎಂದರೆ ಮೋಟಾರಿನ ಸದ್ದಿಗೆ ಹಕ್ಕಿ ಎರಡು ದಿನದಲ್ಲಿ ಒಗ್ಗುತ್ತದೆ, ಹತ್ತಿರ ಬರುವ ಮುಖಕ್ಕೆ ಒಗ್ಗುವುದಿಲ್ಲ. ದಿನಾ ಅದೇ ಹೊತ್ತಿಗೆ ಹೋಗಿ, ಸ್ವಿಚ್ ಒತ್ತಿ ಕೂಡಲೇ ಹೊರಗೆ ಬನ್ನಿ. ಬೀಡಿ ಸೇದುತ್ತಾ ಅಲ್ಲೇ ಕೂರುವುದು ಬೇಡ.

ಹೆಲ್ಮೆಟ್, ನಿಂತ ಸ್ಕೂಟರು, ಟಪಾಲು ಪೆಟ್ಟಿಗೆ: ಮೊದಲನೆಯದಕ್ಕೆ ಇನ್ನೊಂದು ಹೆಲ್ಮೆಟ್ ಕೊಳ್ಳಿ, ಎರಡನೆಯದನ್ನು ನಿಂತಲ್ಲೇ ಬಿಡಿ, ಮೂರನೆಯದರ ಬಾಯಿಗೆ ಟೇಪ್ ಹಚ್ಚಿ ಕೆಳಗೆ ಒಂದು ಡಬ್ಬ ತೂಗುಹಾಕಿ. ಟೇಪ್ ಹಚ್ಚುವ ಮೊದಲು ಹಕ್ಕಿ ಬರುವುದು ಯಾವ ಸಂದಿಯಿಂದ ಎಂದು ನೋಡಿಕೊಳ್ಳಿ, ಅದು ಕಾಗದ ಹಾಕುವ ಬಾಯಿಯೇ ಆಗಿದ್ದರೆ ಬರೀ ಚೀಟಿ ಸಾಕು.

ತಾರಸಿ, ಅಂಗಳ, ಪಾರೆ. ಟಿಟ್ಟಿಭ ಗೂಡೇ ಕಟ್ಟುವುದಿಲ್ಲ. ನಾಲ್ಕು ಕಲ್ಲು ಸರಿಸಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಕೆಂಪುಕಲ್ಲಿನ ಪಾರೆಯಲ್ಲಿ ಆ ಮೊಟ್ಟೆ ಕಾಲಡಿಗೆ ಬರುವವರೆಗೆ ಕಾಣುವುದಿಲ್ಲ. ಆಟದ ಮೈದಾನದಲ್ಲಾದರೆ ಎರಡು ಮೀಟರ್ ಸುತ್ತ ನಾಲ್ಕು ಗೂಟ, ಒಂದು ಹಗ್ಗ. ಸುಮಾರು ನಾಲ್ಕು ವಾರಕ್ಕೆ ಮರಿ ಒಡೆದ ದಿನವೇ ಎದ್ದು ನಡೆಯುತ್ತದೆ, ಗೂಡಿನಲ್ಲಿ ಸಾಕುವ ಕಾಲ ಇಲ್ಲ. ತೊಂದರೆ ಇರುವುದು ತಾರಸಿಯಲ್ಲಿ. ಹಾರಲಾರದ ಮರಿಗಳು ಪ್ಯಾರಾಪೆಟ್ಟಿನ ಒಳಗೆ ಸಿಕ್ಕಿಬೀಳುತ್ತವೆ, ಮಳೆನೀರಿನ ಪೈಪಿಗೂ ಬೀಳುತ್ತವೆ. ಒಡೆಯುವ ವಾರ ಪೈಪಿನ ಬಾಯಿಗೆ ಬಲೆ ಹಾಕಿ, ನೆರಳಿಗೆ ಒಂದು ಹಾಳೆ ಇಡಿ. ಮರಿಗಳನ್ನು ಇಳಿಸಲೇಬೇಕಾದರೆ ಎಲ್ಲವನ್ನೂ ಒಟ್ಟಿಗೆ ಒಂದು ಬುಟ್ಟಿಯಲ್ಲಿ, ತಾಯಿ ಕಿರುಚುತ್ತಾ ಕಣ್ಣೆದುರೇ ಇರುವಂತೆ, ಮನೆಯ ಹತ್ತಿರದ ಬಯಲಿಗೆ ಇಳಿಸಿ ದೂರ ಸರಿಯಿರಿ. ಇವು ನಡೆಯುವ ಮರಿಗಳಾದ್ದರಿಂದ ತಾಯಿ ಕೂಗಿಯೇ ಕರೆದುಕೊಳ್ಳುತ್ತದೆ. ಪಿಕಳಾರಕ್ಕೆ ಈ ಉಪಾಯ ನಡೆಯುವುದಿಲ್ಲ.

ಅಟ್ಟದ ಗೂಬೆ. ಕಣಜ ಗೂಬೆ ಹಳೆಯ ಹಂಚಿನ ಮನೆಯ ಅಟ್ಟದಲ್ಲಿ ಕೂತರೆ ಮೂರು ತಿಂಗಳು ಹಿಸ್ಸೆಂಬ ಸದ್ದು, ಕೆಳಗೆ ಇಲಿಯ ಮೂಳೆ ಕೂದಲು ಸೇರಿದ ಉಂಡೆಗಳು, ಒಳ್ಳೆಯ ವಾಸನೆ ಎನ್ನಲಾಗದು. ‘ಮನೆಗೆ ಗೂಬೆ ಬಂತು’ ಎಂಬ ಹೆದರಿಕೆಗೆ ಆ ಉಂಡೆಗಳೇ ಉತ್ತರ: ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಯ ತಲೆಬುರುಡೆ ಸಿಗುತ್ತದೆ, ಎಳೆ ಬೊಂಡ ಕೊರೆಯುವ ಇಲಿಯದೇ ಇರಬಹುದು. ಗೂಡಿನ ಕೆಳಗೆ ಟಾರ್ಪಾಲ್ ಹಾಸಿ, ವಾರಕ್ಕೊಮ್ಮೆ ಮಡಚಿ ತೊಳೆಯಿರಿ. ಆ ಮೂರು ತಿಂಗಳು ತೆಂಗಿನ ಮಂಡೆಗೆ ಬ್ರೋಮಾಡಯೋಲೋನ್ ಎಂಬ ಇಲಿವಿಷದ ಕೇಕ್ ಇಡಬೇಡಿ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥದ್ದೇ ಗೂಬೆಗೆ ಮೊದಲು ಸಿಗುವುದು, ವಿಷ ಮರಿಗೆ ಹೋಗುತ್ತದೆ.

ತೋಟದ ಮದ್ದು ಮತ್ತು ಕೊಯ್ಲು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವಾಗ ಮೇಲಿನಿಂದ ತೊಟ್ಟಿಕ್ಕುವುದು ಕೆಳಗಿನ ಕೊಕ್ಕೋ ಮತ್ತು ಕರಿಮೆಣಸಿನ ಬಳ್ಳಿಗೆ. ಟುವ್ವಿ, ಪಿಕಳಾರಗಳ ಗೂಡು ಇರುವುದೂ ಅಲ್ಲೇ. ಗೂಡಿನ ಸುತ್ತಲಿನ ನಾಲ್ಕು ಮರಕ್ಕೆ ಬಿಡುವಾಗ ಮಾತ್ರ ಅದರ ಮೇಲೆ ಒಂದು ಹಾಳೆ ಹಿಡಿಸಿ, ತೊಟ್ಟಿಕ್ಕುವುದು ನಿಂತ ಕೂಡಲೇ ತೆಗೆಯಿರಿ. ಮುಚ್ಚಿಟ್ಟು ಮರೆತರೆ ಮದ್ದಿಗಿಂತ ಕೇಡು. ತೆಂಗಿನ ಮಂಡೆಯಲ್ಲಿ ಗರುಡನೋ ಕಾಗೆಯೋ ಇದ್ದರೆ ಆ ಮರವನ್ನು ಒಂದು ಕೊಯ್ಲು ಬಿಡಿ. ಕಾಗೆ ಹಿಂದಿನಿಂದ ಕುಕ್ಕುತ್ತದೆ. ಅದರ ಮರದ ಕೆಳಗೆ ಹೋಗುವಾಗ ಕೊಡೆ ಸಾಕು.

ಮಾರ್ಗದ ಬದಿಯ ಮರ. ಮಳೆಗಾಲದಲ್ಲಿ ಕೊಳದ ಬಕ, ನೀರುಕಾಗೆಗಳು ಒಂದೇ ಮರದಲ್ಲಿ ಹತ್ತಾರು ಗೂಡು ಕಟ್ಟುತ್ತವೆ. ಕೆಳಗೆ ಅಂಗಡಿ, ಬಸ್ ನಿಲ್ದಾಣ. ಹಿಕ್ಕೆ, ಬಿದ್ದ ಮೀನಿನ ವಾಸನೆ ನಿಜವಾಗಿಯೂ ಕಷ್ಟವೇ. ಮರದ ಕೆಳಗೆ ಶೇಡ್ ನೆಟ್, ವಾರಕ್ಕೆರಡು ಸಲ ಸುಣ್ಣದ ಪುಡಿ, ಗಾಡಿ ನಿಲ್ಲಿಸುವುದು ಬೇರೆ ಕಡೆ. ಗೆಲ್ಲು ಕಡಿಯುವುದಾದರೆ ಗೂಡು ಪೂರಾ ಖಾಲಿಯಾದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಕಳೆದು. 2022ರ ಸೆಪ್ಟೆಂಬರಿನಲ್ಲಿ ಮಲಪ್ಪುರಂ ಜಿಲ್ಲೆಯ ವಿ.ಕೆ. ಪಡಿಯಲ್ಲಿ ಹೆದ್ದಾರಿ 66ರ ಅಗಲೀಕರಣಕ್ಕೆ ಗೂಡು ತುಂಬಿದ ಮರ ಉರುಳಿಸಿ ಎಷ್ಟೋ ಮರಿಗಳು ಸತ್ತು, ಅರಣ್ಯ ಇಲಾಖೆ ಕೇಸು ಹಾಕಿತು. ನಿಮ್ಮ ಊರಿನ ಮರಕ್ಕೆ ಗರಗಸ ಬರುವ ಸುಳಿವು ಸಿಕ್ಕಿದರೆ ಗೂಡು ಕಾಣುವಂತೆ ತಾರೀಕಿನ ಸಮೇತ ಫೋಟೋ ತೆಗೆದು ಪಂಚಾಯತಿಗೂ ಅರಣ್ಯ ಇಲಾಖೆಗೂ ಲಿಖಿತವಾಗಿ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಮರ ಬಿದ್ದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಹಂತ 4: ಗೂಡು ಬಿದ್ದರೆ, ಮರಿ ಬಿದ್ದರೆ

ಗರಿ ಬಂದು, ನೆಲದಲ್ಲಿ ಕುಪ್ಪಳಿಸುವ ಮರಿಗೆ ಏನೂ ಆಗಿಲ್ಲ. ಬೆಕ್ಕನ್ನು ಒಳಗೆ ಕಟ್ಟಿ, ಮರಿಯನ್ನು ಹತ್ತಿರದ ಪೊದೆಗೆ ಏರಿಸಿ, ಬಿಟ್ಟುಬಿಡಿ. ಬೆತ್ತಲೆ ಮರಿಯಾದರೆ ವಾಪಸು ಗೂಡಿಗೆ. ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತದೆ ಎನ್ನುವುದು ಸುಳ್ಳು.

ಗೂಡೇ ಹರಿದಿದ್ದರೆ ಬದಲಿ ಗೂಡು ಮಾಡಿ. ದೊಡ್ಡ ತೆಂಗಿನ ಗೆರಟೆಯ ಅರ್ಧ, ತಳಕ್ಕೆ ಮೊಳೆ ಕಾಸಿ ಐದಾರು ತೂತು, ಅಂಚಿಗೆ ಮೂರು ತೂತು ಕಟ್ಟುವುದಕ್ಕೆ. ಒಳಗೆ ಒಣಹುಲ್ಲು, ಅದರ ಮೇಲೆ ಉಳಿದ ಹಳೆಯ ಗೂಡಿನ ತುಂಡು. ತೆಂಗಿನ ನಾರು ಹಾಕುವುದಾದರೆ ಎರಡು ಇಂಚಿಗೆ ಕತ್ತರಿಸಿ, ಉದ್ದ ನಾರು ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ. ಹತ್ತಿ ಬೇಡ, ಉಗುರಿಗೆ ಸಿಕ್ಕುತ್ತದೆ. ಹಳೆಯ ಜಾಗದಲ್ಲೇ, ಆಗದಿದ್ದರೆ ಒಂದು ಮೀಟರಿನ ಒಳಗೆ, ಅದೇ ಎತ್ತರದಲ್ಲಿ ಕಟ್ಟಿ. ಇಪ್ಪತ್ತು ಮೀಟರ್ ದೂರ ಹೋಗಿ ಎರಡು ಗಂಟೆ ನೋಡಿ. ತಾಯಿ ಹುಳ ತಂದು ಒಮ್ಮೆ ಕೊಟ್ಟರೆ ಸಾಕು, ನಿಮ್ಮ ಕೆಲಸ ಮುಗಿಯಿತು.

ಈ ಎರಡು ಗಂಟೆಯಲ್ಲಿ ಮರಿಯ ಬಾಯಿಗೆ ನೀರು, ಹಾಲು, ಗಂಜಿ ಏನನ್ನೂ ಬಿಡಬೇಡಿ. ಹಕ್ಕಿಮರಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ. ಎರೆದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರೀತಿಯಿಂದ ನೀರು ಕುಡಿಸಿ ಕೊಂದ ಮರಿಗಳಿಗೆ ಲೆಕ್ಕವಿಲ್ಲ.

ಗೂಡಿನ ಹತ್ತಿರ ಕೇರೆ ಹಾವು ಬಂದರೆ ಕೊಲ್ಲುವುದಲ್ಲ, ಓಡಿಸುವುದು. ಕಂಬದ ಮೇಲೆ ಹತ್ತುವ ದಾರಿಗೆ ಎರಡು ಅಡಿ ಎತ್ತರದ ನುಣುಪು ತಗಡು ಸುತ್ತಿದರೆ ಹೆಚ್ಚಿನವು ಹಿಂದೆ ಹೋಗುತ್ತವೆ. ವಿಷದ ಹಾವು ಮನೆಯೊಳಗೇ ಬಂದರೆ ಅರಣ್ಯ ಇಲಾಖೆಯ ಸರ್ಪ ಆ್ಯಪಿನಲ್ಲಿ ಹತ್ತಿರದ ತರಬೇತಾದವರು ಸಿಗುತ್ತಾರೆ.

ಹಂತ 5: ಹಾರಿದ ಮೇಲೆ

ಐದರಿಂದ ಏಳು ದಿನ ಹಕ್ಕಿ ಮತ್ತೆ ಬರುತ್ತದೆಯೇ ನೋಡಿ. ಚೋರೆ, ಗುಬ್ಬಿ ಅದೇ ಗೂಡಿನಲ್ಲಿ ಕೂಡಲೇ ಎರಡನೇ ಬಾರಿ ಇಡುತ್ತವೆ; ಹೊಸ ಮೊಟ್ಟೆ ಕಂಡರೆ ಲೆಕ್ಕ ಮತ್ತೆ ಮೊದಲಿನಿಂದ. ಖಾಲಿ ಎಂದು ಖಾತ್ರಿಯಾದರೆ ತಡ ಮಾಡಬೇಡಿ, ಗೂಡಿನ ಸಣ್ಣ ಉಣ್ಣೆಹುಳಗಳು ಹಕ್ಕಿ ಸಿಗದೆ ಮನೆಯೊಳಗೆ ಹರಿದು ಕಚ್ಚುತ್ತವೆ. ಕೈಗವಸು, ಮಾಸ್ಕ್ ಹಾಕಿ, ಗೂಡಿಗೆ ಮೊದಲು ನೀರು ಚಿಮುಕಿಸಿ ಧೂಳು ಅಡಗಿಸಿ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕಟ್ಟಿ, ಜಾಗವನ್ನು ಬಿಸಿನೀರಿನಲ್ಲಿ ಒರೆಸಿ. ಕರೆಂಟಿನ ಜಾಗಕ್ಕೆ ನೀರೂ ಬೇಡ, ಬಟ್ಟೆಯೂ ಬೇಡ, ಅದು ಲೈನ್‌ಮನ್ನನ ಕೆಲಸ. ಹಂಚಿನ ಅಡಿಯ ಸಂದಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆದರೆ ಗೊರವಂಕ, ಗುಬ್ಬಿ ಎರಡೂ ಬರುವುದು ನಿಲ್ಲುತ್ತದೆ. ಒಂದು ಇಂಚಿನದು ತಂದರೆ ಗುಬ್ಬಿಯನ್ನು ನಂಬುವಂತಿಲ್ಲ.

ಮುಚ್ಚಿದ ಸಂದಿಗೆ ಬದಲು ಒಂದು ಪೆಟ್ಟಿಗೆ ಕೊಟ್ಟರೆ ಮುಂದಿನ ವರ್ಷ ಫ್ಯಾನಿಗೆ ಬರುವುದು ಕಡಿಮೆ. ಅರ್ಧ ಇಂಚಿನ ಹಲಗೆ, ಒಳಗೆ 15 ಸೆಂ.ಮೀ. ಉದ್ದಗಲ, 25 ಸೆಂ.ಮೀ. ಎತ್ತರ. ಗುಬ್ಬಿಗೆ 32 ಮಿ.ಮೀ. ತೂತು, ಮಡಿವಾಳಕ್ಕೆ 50ರಿಂದ 60. ತೂತು ತಳದಿಂದ 15 ಸೆಂ.ಮೀ. ಮೇಲೆ ಇರಲಿ, ಕೂರುವ ಕೋಲು ಬೇಡ, ಅದು ಕಾಗೆಗೆ ಮೆಟ್ಟಿಲು. ತಳಕ್ಕೆ 6 ಮಿ.ಮೀ.ನ ನಾಲ್ಕು ತೂತು ನೀರು ಇಳಿಯಲು. ಒಳಗೆ ಬಣ್ಣ ಬಳಿಯಬೇಡಿ. ನಮ್ಮಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ, ಆದ್ದರಿಂದ ಬಾಯಿ ಮೂಡಣಕ್ಕೋ ಬಡಗಣಕ್ಕೋ ಇರಬೇಕು. ಎತ್ತರ ಎರಡೂವರೆ ಮೀಟರ್, ಇಳಿಮಾಡಿನ ಅಡಿ. ಇಡಬೇಕಾದ್ದು ಡಿಸೆಂಬರಿನೊಳಗೆ, ಬಿಸುವಿನ ಹೊತ್ತಿಗೆ ಇಟ್ಟರೆ ಜಾಗ ಹುಡುಕುವ ಕಾಲ ಮುಗಿದಿರುತ್ತದೆ. ಮುಚ್ಚಳಕ್ಕೆ ಮೊಳೆ ಹೊಡೆಯದೆ ಎರಡು ಸ್ಕ್ರೂ ಹಾಕಿ; ವರ್ಷಕ್ಕೊಮ್ಮೆ ತೆರೆದು ತೊಳೆಯಬೇಕಲ್ಲ.